ಆದೇಶ ‘ಅಬೇಯನ್ಸ್’ನಲ್ಲಿದೆ ಅಂದರೆ ರದ್ದಾಯಿತಾ, ಇಲ್ವಾ?

ತೋಟದಂಚು, ಶಿರಸಿ

ಎಲ್ಲರಿಗೂ ನಮಸ್ಕಾರ. ಒಂದೇ ಒಂದು ಇಂಗ್ಲಿಷ್ ಶಬ್ದದ ಅರ್ಥ ಬೇಕಿತ್ತು. ಡಿಕ್ಷನರಿ ನೋಡಿದೆ. ಅದರಿಂದ ನಮ್ಮ ಮನೆಯ ಗೊಂದಲ ಬಗೆಹರಿಯಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗಬಹುದು.

ನನ್ನ ತಮ್ಮ ಕಾರವಾರದಲ್ಲಿ ಕೇಂದ್ರ ಸರಕಾರದ ಒಂದು ಕಚೇರಿಯಲ್ಲಿದ್ದಾನೆ. ಯಾವ ಕಚೇರಿ ಅನ್ನೋದು ಇಲ್ಲಿ ಬೇಡ. ಹೋದ ತಿಂಗಳು ಅವನಿಗೆ ಹುಬ್ಬಳ್ಳಿಗೆ ವರ್ಗ ಆಯಿತು. ಮಕ್ಕಳ ಶಾಲೆ ಶುರುವಾಗುವ ಮೊದಲೇ ಹೋಗಿಬಿಡೋಣ ಅಂತ ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆ ನೋಡಿ ಅಡ್ವಾನ್ಸ್ ಕೊಟ್ಟ, ಕಾರವಾರದ ಮಾಲೀಕರಿಗೆ ಮನೆ ಬಿಡುತ್ತೇನೆ ಅಂತ ಹೇಳಿದ, ಮಕ್ಕಳ ಟಿ.ಸಿ.ಗೆ ಅರ್ಜಿಯನ್ನೂ ಹಾಕಿದ, ಅಷ್ಟರಲ್ಲಿ ಇನ್ನೊಂದು ಪತ್ರ ಬಂತು. ಎರಡೇ ಸಾಲು. ಅವನ ವರ್ಗಾವಣೆ ಆದೇಶ ‘ಈಸ್ ಹಿಯರ್‌ಬೈ ಕೆಪ್ಟ್ ಇನ್ ಒಬೇಯನ್ಸ್ ಅಂಟಿಲ್ ಫರ್ದರ್ ಆರ್ಡರ್ಸ್’ ಅಂತ ಅದರಲ್ಲಿದೆ. ಗಮನಿಸಿ, ಶಬ್ದದ ಮೊದಲ ಅಕ್ಷರ ‘ಓ’ ಅಂತಲೇ ಟೈಪ್ ಆಗಿದೆ.

ಅವನ ಜೊತೆ ಕೆಲಸ ಮಾಡುವ ಒಬ್ಬರು ಹೇಳಿದರು, ‘ಒಬೇ ಅಂದರೆ ಪಾಲಿಸು. ಮೊದಲಿನ ಆದೇಶ ಪಾಲಿಸು ಅಂತ ಬರೆದಿದ್ದಾರೆ, ನೀನು ಕೂಡಲೇ ಹುಬ್ಬಳ್ಳಿಗೆ ಹೋಗು.’ ಇನ್ನೊಬ್ಬರು ‘ಹಾಗಲ್ಲ, ವರ್ಗ ರದ್ದಾಗಿದೆ, ಆರಾಮಾಗಿರು’ ಅಂದರು. ತಮ್ಮನಿಗೆ ಅನ್ನಿಸುವುದು ಮುಂದೆ ಹಾಕಿದ್ದಾರೆ ಅಂತ. ಆಯಿಗೆ, ಅಂದರೆ ನಮ್ಮ ತಾಯಿಗೆ, 78 ವರ್ಷ. ದಿನಾ ಸಂಜೆ ಫೋನ್ ಮಾಡಿ ‘ಹೋಗ್ತಿಯನೋ, ಇರ್ತಿಯನೋ’ ಅಂತ ಕೇಳುತ್ತಾಳೆ. ಅವಳಿಗೆ ಏನು ಹೇಳಬೇಕು ಅಂತ ನಮಗೆ ಗೊತ್ತಿಲ್ಲ. ಒಬೇಯನ್ಸೋ, ಅಬೇಯನ್ಸೋ? ರದ್ದು ಅಂತಲೇ ಅರ್ಥವಾ? ಹುಬ್ಬಳ್ಳಿ ಮನೆ ಬಿಡಬಹುದಾ? ತಿಳಿದವರು ದಯವಿಟ್ಟು ಹೇಳಿ.

ಗಂಗಾವಳಿ ಅಕ್ಕೋರು, ಅಂಕೋಲಾ

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಿಯಾದವಳು. ಮೊದಲು ಸ್ಪೆಲಿಂಗ್ ಸರಿ ಮಾಡಿಕೊಳ್ಳೋಣ. ಅದು ಅಬೇಯನ್ಸ್. ಎ, ಬಿ, ಇ, ವೈ, ಎ, ಎನ್, ಸಿ, ಇ. ‘ಓ’ದಿಂದ ಶುರುವಾಗುವ ಶಬ್ದ ಅಲ್ಲಿ ಸಲ್ಲುವುದೇ ಇಲ್ಲ. ಪಾಲನೆಗೆ ಇಂಗ್ಲಿಷಿನಲ್ಲಿ ಇರುವುದು ಒಬೀಡಿಯನ್ಸ್. ‘ಒಬೇಯನ್ಸ್‌ನಲ್ಲಿ ಇಡಲಾಗಿದೆ’ ಅಂತ ಟೈಪ್ ಮಾಡುವುದು ಬಹಳ ಕಡೆ ನಡೆಯುವ ತಪ್ಪು, ಕೇಳಲು ಎರಡೂ ಒಂದೇ ಥರ ಇವೆಯಲ್ಲ. ಆದರೆ ಈ ಒಂದು ಅಕ್ಷರದಿಂದ ಅರ್ಥ ಪೂರ್ತಿ ತಿರುಗಿ ಬೀಳುತ್ತದೆ. ನಿಮ್ಮ ತಮ್ಮನ ಗೆಳೆಯರಿಗೆ ಆಗಿರುವುದು ಅದೇ.

ಎರಡರ ಬೇರೂ ಬೇರೆ. ಒಬೇ ಬಂದದ್ದು ಲ್ಯಾಟಿನ್ನಿನ ‘ಕೇಳು’ ಅನ್ನುವ ಕ್ರಿಯಾಪದದಿಂದ. ನಾವೂ ಮಕ್ಕಳಿಗೆ ‘ಹೇಳಿದ ಮಾತು ಕೇಳು’ ಅನ್ನುತ್ತೇವಲ್ಲ, ಕಿವಿಯಿಂದ ಕೇಳು ಅನ್ನುವುದಕ್ಕಿಂತ ಹೇಳಿದ ಹಾಗೆ ಮಾಡು ಅಂತ ಅದರ ಅರ್ಥ. ಹಾಗೇ ಅದು. ಅಬೇಯನ್ಸ್ ಬಂದದ್ದು ಹಳೆಯ ಫ್ರೆಂಚಿನಿಂದ. ಅಲ್ಲಿ ಮೂಲ ಅರ್ಥ ಬಾಯಿ ತೆರೆದುಕೊಂಡು ಆಸೆಯಿಂದ ನೋಡುವುದು. ನಾವು ‘ಬಾಯಿ ಬಿಟ್ಕೊಂಡು ಕಾಯ್ತಾ ಕೂತಿದ್ದಾನೆ’ ಅನ್ನುವುದಿಲ್ವಾ, ಥೇಟ್ ಅದೇ. ಹಿಂದೆ ಒಂದು ಜಮೀನಿಗೆ ಸದ್ಯಕ್ಕೆ ಒಡೆಯ ಯಾರು ಅಂತ ತೀರ್ಮಾನ ಆಗದಿದ್ದಾಗ, ಹಕ್ಕುದಾರ ಬರುವ ತನಕ ಅದು ಅಬೇಯನ್ಸ್‌ನಲ್ಲಿದೆ ಅನ್ನುತ್ತಿದ್ದರು. ಇಂಗ್ಲೆಂಡಿನಲ್ಲಿ ಕೆಲವು ಹಳೆಯ ಬ್ಯಾರನ್ ಪದವಿಗಳು ಈಗಲೂ ಹೀಗೇ. ಗಂಡುಮಕ್ಕಳಿಲ್ಲದೆ ಇಬ್ಬರು ಮೂವರು ಹೆಣ್ಣುಮಕ್ಕಳು ಉಳಿದರೆ ಎಲ್ಲರಿಗೂ ಸಮ ಹಕ್ಕು, ಹಾಗಾಗಿ ಪದವಿ ಯಾರಿಗೂ ಸೇರದೆ ನಿಲ್ಲುತ್ತದೆ. ಅದು ಸತ್ತಿರುವುದಿಲ್ಲ. ನಿಂತಿರುತ್ತದೆ ಅಷ್ಟೇ.

ಆದ್ದರಿಂದ ನಿಮ್ಮ ಪತ್ರಕ್ಕೆ ಕನ್ನಡದಲ್ಲಿ ಹೀಗೆ ಬರೆಯಬೇಕು: ‘ಈ ವರ್ಗಾವಣೆ ಆದೇಶವನ್ನು ಮುಂದಿನ ಆದೇಶದವರೆಗೆ ತಡೆಹಿಡಿಯಲಾಗಿದೆ.’ ರದ್ದಲ್ಲ. ಪಾಲಿಸು ಅಂತ ಅಂತೂ ಖಂಡಿತ ಅಲ್ಲ.

ಬಂದರ ಬದಿ, ಹೊನ್ನಾವರ

ಅಕ್ಕೋರು ಹೇಳಿದ್ದು ನನಗೆ ಅರ್ಥ ಆದದ್ದು ಹೀಗೆ. ಜೂನ್ 1ರಿಂದ ಜುಲೈ 31ರ ತನಕ 61 ದಿನ ನಮ್ಮ ಯಾಂತ್ರಿಕ ಬೋಟು ಕಡಲಿಗೆ ಹೋಗುವ ಹಾಗಿಲ್ಲ. ಬೋಟು ಇದೆ, ಲೈಸೆನ್ಸ್ ಇದೆ, ಬಲೆಯೂ ಇದೆ. ದಡದಲ್ಲಿ ಕಟ್ಟಿ ಹಾಕಿದ್ದೇವೆ ಅಷ್ಟೇ. ವರ್ಗಾವಣೆ ಆದೇಶವೂ ಹಾಗೇ ದಡದಲ್ಲಿ ಕಟ್ಟಿದ ಬೋಟು, ಅಲ್ವಾ?

ಗಂಗಾವಳಿ ಅಕ್ಕೋರು, ಅಂಕೋಲಾ

ಹೋಲಿಕೆ ಚೆನ್ನಾಗಿದೆ ತಮ್ಮಾ, ಒಂದು ವ್ಯತ್ಯಾಸ ಬಿಟ್ಟರೆ. ನಿಮಗೆ ಆಗಸ್ಟ್ 1ಕ್ಕೆ ಇಳಿಯಬಹುದು ಅಂತ ಮೊದಲೇ ಗೊತ್ತು. ಅಬೇಯನ್ಸ್‌ಗೆ ತಾರೀಕು ಇಲ್ಲ. ‘ಮುಂದಿನ ಆದೇಶದವರೆಗೆ’ ಅಂದಾಗ ಆ ಮುಂದಿನ ಆದೇಶ ನಾಳೆ ಬರಬಹುದು, ಎರಡು ವರ್ಷ ಬಾರದೆಯೂ ಇರಬಹುದು. ಪಾಪ, ಆ ಕುಟುಂಬಕ್ಕೆ ಕಷ್ಟ ಆಗಿರುವುದೇ ಅದರಿಂದ. ತಾರೀಕು ಹಾಕಿ ಮುಂದೂಡಿದ್ದರೆ ಅದನ್ನು ಪೋಸ್ಟ್‌ಪೋನ್ ಅನ್ನಬಹುದಿತ್ತು.

ಕಾಳಿ ದಂಡೆ, ಕಾರವಾರ

ನಾನು ಕಚೇರಿ ಅಧೀಕ್ಷಕನಾಗಿದ್ದವನು. 34 ವರ್ಷ ಇಂಥ ಪತ್ರಗಳನ್ನೇ ಬರೆದಿದ್ದೇನೆ, ಓದಿದ್ದೇನೆ. ಅಕ್ಕೋರು ಹೇಳಿದ ಅರ್ಥ ನೂರಕ್ಕೆ ನೂರು ಸರಿ. ಕಚೇರಿಯ ರೂಢಿ ಹೇಗೆ ಅಂತ ನಾನು ಸ್ವಲ್ಪ ಹೇಳುತ್ತೇನೆ.

ಒಂದು ಆದೇಶ ಹೊರಟ ಮೇಲೆ ಅದನ್ನು ಹಲವು ರೀತಿಯಲ್ಲಿ ಮುಟ್ಟಬಹುದು. ಕ್ಯಾನ್ಸಲ್ ಅಥವಾ ರಿಸಿಂಡ್ ಅಂತ ಬಂದರೆ ರದ್ದು, ಕತೆ ಮುಗಿಯಿತು. ಮತ್ತೆ ವರ್ಗ ಮಾಡಬೇಕಾದರೆ ಹೊಸ ಆದೇಶವನ್ನೇ ಹೊರಡಿಸಬೇಕು. ವಿತ್‌ಡ್ರಾ ಅಂದರೆ ಹಿಂಪಡೆದರು, ಫಲ ಹೆಚ್ಚು ಕಡಿಮೆ ಅದೇ. ಮಾಡಿಫೈ ಅಂದರೆ ಮಾರ್ಪಾಡು, ಹುಬ್ಬಳ್ಳಿ ಬದಲು ಬೆಳಗಾವಿ ಆಯಿತು ಅನ್ನುವ ಹಾಗೆ. ಅಬೇಯನ್ಸ್ ಇದ್ಯಾವುದೂ ಅಲ್ಲ. ಆದೇಶ ಫೈಲಿನಲ್ಲಿ ಜೀವಂತ ಕೂತಿರುತ್ತದೆ. ಮೇಲಿನವರು ಮನಸ್ಸು ಮಾಡಿದರೆ ‘ತಡೆ ತೆರವುಗೊಳಿಸಲಾಗಿದೆ’ ಅಂತ ಒಂದು ಸಾಲು ಬರೆದರೆ ಸಾಕು, ಹಳೆಯ ಆದೇಶವೇ ಎದ್ದು ನಿಲ್ಲುತ್ತದೆ.

ಇನ್ನೊಂದು ಮಾತು. ಈ ಶಬ್ದಕ್ಕೆ ನಮ್ಮ ಕಡೆ ಹಳೆಯ ಶಬ್ದವೇ ಇತ್ತು. ನಮ್ಮ ಜಿಲ್ಲೆ 1862ರಿಂದ ಮುಂಬೈ ಪ್ರಾಂತಕ್ಕೆ ಸೇರಿತ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಹಾಗಾಗಿ ಕಚೇರಿ ಮಾತಿನಲ್ಲಿ ಮರಾಠಿ ಶಬ್ದ ಜಾಸ್ತಿ. ನನ್ನ ಅಪ್ಪ ಊರಿನ ಸೊಸಾಯಿಟಿಯ ಠರಾವು ಪುಸ್ತಕ ಬರೆಯುತ್ತಿದ್ದರು. ಅದರಲ್ಲಿ ‘ವಿಷಯ ತಹಕೂಬ ಇಡಲಾಯಿತು’ ಅಂತ ಎಷ್ಟೋ ಕಡೆ ಇದೆ. ಮರಾಠಿಯಲ್ಲಿ ಸಭೆ ತಹಕೂಬ ಮಾಡಿದರು ಅಂತ ಈಗಲೂ ಅನ್ನುತ್ತಾರೆ. ಊರಿನ ಮುದುಕರಿಗೆ ತಹಕೂಬ ಅಂದರೆ ಸಾಕು, ತಟ್ಟನೆ ಅರ್ಥ ಆಗುತ್ತಿತ್ತು. ನೌಕರರ ಮಟ್ಟಿಗೆ ಬಳಸುವ ಅಮಾನತ್ತು ಕೂಡ ಇದೇ ಜಾತಿಯ ಶಬ್ದ. ಅಮಾನತ್ ಅಂದರೆ ನಂಬಿ ಒಬ್ಬರ ಹತ್ತಿರ ಇಟ್ಟ ವಸ್ತು. ಅಮಾನತ್ತಾದವನ ನೌಕರಿ ಹೋಗಿರುವುದಿಲ್ಲ, ತೀರ್ಮಾನ ಆಗುವ ತನಕ ಎತ್ತಿಟ್ಟಿರುತ್ತಾರೆ. ಇಷ್ಟು ಶಬ್ದ ಕೈಯಲ್ಲಿ ಇಟ್ಟುಕೊಂಡು ಜನರಿಗೆ ತಿಳಿಯದ ಶಬ್ದದಲ್ಲಿ, ಅದೂ ತಪ್ಪು ಸ್ಪೆಲಿಂಗಿನಲ್ಲಿ ಪತ್ರ ಕಳಿಸುವುದು ನನಗೆ ನಿಜವಾಗಿಯೂ ಬೇಸರ ತರುತ್ತದೆ. ಆ ಎರಡು ಸಾಲಿನ ಮೇಲೆ ಒಂದು ಮನೆಯ ಸಾಮಾನು, ಮಕ್ಕಳ ಶಾಲೆ, ತಾಯಿಯ ನೆಮ್ಮದಿ ಎಲ್ಲ ನಿಂತಿರುತ್ತದೆ.

ಈಗ ನನ್ನ ಪ್ರಶ್ನೆ. ನಿಮ್ಮ ತಮ್ಮ ಇಲ್ಲಿಂದ ರಿಲೀವ್ ಆಗಿದ್ದಾರಾ, ಅಂದರೆ ಇಲ್ಲಿಯ ಕೆಲಸದಿಂದ ಬಿಡುಗಡೆ ಆಗಿದ್ದಾರಾ, ಇನ್ನೂ ಇಲ್ವಾ? ಎಲ್ಲ ಅದರ ಮೇಲೇ ನಿಂತಿದೆ.

ತೋಟದಂಚು, ಶಿರಸಿ

ತುಂಬಾ ಉಪಕಾರ ಆಯಿತು. ತಹಕೂಬ ಶಬ್ದ ನಮ್ಮ ಅಜ್ಜನ ಬಾಯಲ್ಲಿ ಕೇಳಿದ ನೆನಪಿದೆ. ರಿಲೀವ್ ಆಗಿಲ್ಲ. ರಿಲೀವ್ ಮಾಡುವ ಎರಡು ದಿನ ಮೊದಲು ಈ ಪತ್ರ ಬಂತು. ಈಗ ಅವನು ಮೊದಲಿನ ಕುರ್ಚಿಯಲ್ಲೇ ಕೂತು ಸಹಿ ಹಾಕುತ್ತಿದ್ದಾನೆ. ಹಾಗೆ ಮಾಡಿದ್ದು ಸರಿಯೇ?

ಕುಮಟಾದ ವಕೀಲ

ಸರಿಯಾಗಿಯೇ ಮಾಡಿದ್ದಾರೆ. ರಿಲೀವ್ ಆಗುವ ಮೊದಲೇ ಆದೇಶ ತಡೆಹಿಡಿದರೆ ಇದ್ದ ಜಾಗದಲ್ಲೇ ಕೆಲಸ ಮುಂದುವರಿಸಬೇಕು. ರಿಲೀವ್ ಆದ ಮೇಲೆ ಬಂದಿದ್ದರೆ ತೊಂದರೆ ಇತ್ತು. ಇಲ್ಲಿಯ ಹಾಜರಿಯಲ್ಲಿ ಹೆಸರಿಲ್ಲ, ಅಲ್ಲಿ ಸೇರಿಸಿಕೊಳ್ಳುವುದಿಲ್ಲ, ನಡುವಿನ ದಿನಗಳ ಸಂಬಳ ಯಾರು ಕೊಡಬೇಕು ಅನ್ನುವ ಜಗಳ. ಅಂಥ ಕೇಸು ನೋಡಿದ್ದೇನೆ.

ಕೆಲವರು ಇದನ್ನು ಸ್ಟೇ ಅನ್ನುತ್ತಾರೆ. ಹತ್ತಿರದ ಶಬ್ದವೇ, ಆದರೂ ರೂಢಿಯಲ್ಲಿ ಬೇರೆ. ಸ್ಟೇ ಸಾಮಾನ್ಯವಾಗಿ ಕೋರ್ಟೋ ನ್ಯಾಯಮಂಡಳಿಯೋ ಮೇಲಿನ ಪ್ರಾಧಿಕಾರವೋ ಕೊಡುವುದು, ಕನ್ನಡದಲ್ಲಿ ತಡೆಯಾಜ್ಞೆ. ಅಬೇಯನ್ಸ್ ಹೆಚ್ಚಾಗಿ ಆದೇಶ ಹೊರಡಿಸಿದವರೇ ತಮ್ಮ ಆದೇಶವನ್ನು ತಾವೇ ತಡೆಹಿಡಿಯುವುದು. ಕೋರ್ಟುಗಳೂ ಈ ಶಬ್ದ ಬಳಸುತ್ತವೆ. 2022ರ ಮೇ 11ರಂದು ರಾಜದ್ರೋಹದ ಕಲಂ 124ಎ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ ಆದೇಶ ನೆನಪಿರಬಹುದು. ನಿವೃತ್ತ ಮೇಜರ್ ಜನರಲ್ ಎಸ್.ಜಿ. ವೊಂಬತ್ಕೆರೆ ಅವರ ಅರ್ಜಿ ಅದು. ಆ ಕಲಮಿನ ಕೆಳಗೆ ನಡೆಯುತ್ತಿರುವ ವಿಚಾರಣೆಗಳನ್ನು ಅಬೇಯನ್ಸ್‌ನಲ್ಲಿ ಇಡಿ ಅಂತ ಕೋರ್ಟ್ ಹೇಳಿತು. ಕಲಂ ರದ್ದಾಯಿತು ಅಂತ ಅವತ್ತು ಎಷ್ಟೋ ಜನ ಸಿಹಿ ಹಂಚಿದರು. ರದ್ದಾಗಿರಲಿಲ್ಲ. ಪುಸ್ತಕದಲ್ಲಿ ಇತ್ತು, ಕೆಲಸ ಮಾಡುತ್ತಿರಲಿಲ್ಲ. 2024ರ ಜುಲೈ 1ಕ್ಕೆ ಹೊಸ ನ್ಯಾಯ ಸಂಹಿತೆ ಜಾರಿಗೆ ಬಂದು ಹಳೆಯ ದಂಡ ಸಂಹಿತೆಯೇ ಹೋಗುವ ತನಕ ಅದು ಹಾಗೇ ಇತ್ತು.

ಸಿಂಧೂ ನದಿ ಒಪ್ಪಂದದ್ದೂ ಅದೇ ಶಬ್ದ. 1960ರ ಒಪ್ಪಂದವನ್ನು 2025ರ ಏಪ್ರಿಲ್ 23ರಂದು ಭಾರತ ಅಬೇಯನ್ಸ್‌ನಲ್ಲಿ ಇಡುತ್ತೇವೆ ಅಂತ ಹೇಳಿತು. ನಮ್ಮಲ್ಲಿ ಕೆಲವರು ಅಮಾನತು ಅಂದರು, ಕೆಲವರು ಸ್ಥಗಿತ ಅಂದರು, ರದ್ದು ಅಂದವರೂ ಇದ್ದರು. ಅಮಾನತು ಮತ್ತು ಸ್ಥಗಿತ ನಡೆಯುತ್ತದೆ, ರದ್ದು ತಪ್ಪು. ಅಲ್ಲಿ ತಾರೀಕು ಇರಲಿಲ್ಲ, ಷರತ್ತು ಇತ್ತು. ಗಡಿಯಾಚೆಯ ಭಯೋತ್ಪಾದನೆಗೆ ಪಾಕಿಸ್ತಾನ ಬೆಂಬಲ ಕೊಡುವುದನ್ನು ಬಿಡುವ ತನಕ ಅಂತ.

ನಮ್ಮ ಜಿಲ್ಲೆಯವರಿಗೆ ಇನ್ನೂ ಹತ್ತಿರದ ಉದಾಹರಣೆ ಅರಣ್ಯ ಹಕ್ಕು ಅರ್ಜಿಗಳದ್ದು. 2006ರ ಕಾಯ್ದೆಯ ಕೆಳಗೆ ಅರ್ಜಿ ತಿರಸ್ಕಾರ ಆದವರನ್ನು ತೆರವು ಮಾಡಿ ಅಂತ 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟ್ ಹೇಳಿತು, ಫೆಬ್ರವರಿ 28ಕ್ಕೆ ತನ್ನ ಆ ಆದೇಶವನ್ನು ತಾನೇ ತಡೆಹಿಡಿಯಿತು. ನಡುವಿನ 15 ದಿನ ಶಿರಸಿ, ಸಿದ್ದಾಪುರ, ಹೊನ್ನಾವರದ ಕಡೆ ಅತಿಕ್ರಮಣ ಜಾಗದಲ್ಲಿರುವ ಮನೆಗಳಲ್ಲಿ ಎಷ್ಟು ಗಾಬರಿ ಇತ್ತು ಅಂತ ನಾನು ಕಣ್ಣಾರೆ ಕಂಡಿದ್ದೇನೆ. ತಡೆ ಬಂದ ಮೇಲೆ ‘ವಕೀಲರೇ, ಇನ್ನು ನಮಗೆ ಏನೂ ಆಗೋದಿಲ್ಲ ಅಲ್ವಾ’ ಅಂತ ಕೇಳಿದರು. ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ತಡೆ ಅಂದರೆ ಉಸಿರಾಡಲು ಸಮಯ. ತೀರ್ಪು ನಿಮ್ಮ ಕಡೆ ಆಯಿತು ಅಂತ ಅಲ್ಲ. ಅದನ್ನೇ ಹೇಳಿ, ಕಾಗದಪತ್ರ ಸರಿ ಮಾಡಿಟ್ಟುಕೊಳ್ಳಿ ಅಂದೆ.

ಕಾನೂನಿನಲ್ಲಿ ಈ ವ್ಯತ್ಯಾಸ ಚೆನ್ನಾಗಿ ಬಿಡಿಸಿ ಹೇಳಿದ್ದು 1992ರ ಶ್ರೀ ಚಾಮುಂಡಿ ಮೊಪೆಡ್ಸ್ ಪ್ರಕರಣದಲ್ಲಿ. ಸುಪ್ರೀಂ ಕೋರ್ಟ್ ಹೇಳಿದ್ದರ ಸಾರ ಇಷ್ಟು: ಆದೇಶವನ್ನು ವಜಾ ಮಾಡಿದರೆ ಅದು ಹೊರಡುವ ಮೊದಲು ಇದ್ದ ಸ್ಥಿತಿ ವಾಪಸ್ ಬರುತ್ತದೆ. ತಡೆ ಕೊಟ್ಟರೆ ಹಾಗಾಗುವುದಿಲ್ಲ, ತಡೆ ಕೊಟ್ಟ ದಿನದಿಂದ ಮುಂದಕ್ಕೆ ಆ ಆದೇಶ ನಡೆಯುವುದಿಲ್ಲ, ಆದರೆ ಆದೇಶ ಅಳಿಸಿ ಹೋಗುವುದಿಲ್ಲ. ತಡೆಯಾಜ್ಞೆ ಬಗ್ಗೆ ಹೇಳಿದ್ದಾದರೂ ಅಬೇಯನ್ಸ್ ತಿಳಿದುಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಕಾಳಿ ದಂಡೆ, ಕಾರವಾರ

ಮನೆ ವಿಷಯ ಕೇಳಿದ್ದೀರಿ. ನನಗೆ ಆದದ್ದು ಹೇಳುತ್ತೇನೆ, ಅದರಿಂದ ನಿಮ್ಮ ತಮ್ಮನಿಗೆ ಉಪಯೋಗ ಆದರೆ ಸಾಕು.

ನನಗೂ ಒಮ್ಮೆ ಹೀಗೇ ವರ್ಗ ಆಯಿತು, ಘಟ್ಟದ ಮೇಲಿನ ಊರಿಗೆ. ಹದಿನೈದು ದಿನಕ್ಕೆ ಅಬೇಯನ್ಸ್ ಪತ್ರ ಬಂತು. ನಾನು ಆಗ ಗುಮಾಸ್ತ, ವಯಸ್ಸು ಚಿಕ್ಕದು. ದೊಡ್ಡವರು ಒಬ್ಬರು ‘ಇಂಥವು ಮತ್ತೆ ಏಳೋದಿಲ್ಲ’ ಅಂದರು, ನಾನು ನಂಬಿದೆ. ಸದಾಶಿವಗಡದ ಕಡೆ ಮನೆಯನ್ನು ಎರಡು ವರ್ಷದ ಕರಾರಿಗೆ ತೆಗೆದುಕೊಂಡೆ. ಹೆಂಡತಿ ಬಿ.ಎಡ್.ಗೆ ಸೇರಿದಳು. ಎಂಟು ತಿಂಗಳು ಏನೂ ಸದ್ದಿಲ್ಲ. ಒಂದು ಶನಿವಾರ ಮಧ್ಯಾಹ್ನ ಕಚೇರಿ ಮುಚ್ಚುವ ಹೊತ್ತಿಗೆ ತಡೆ ತೆರವು ಮಾಡಿದ ಪತ್ರ ಬಂತು. ಮೂರು ದಿನದಲ್ಲಿ ಹೊಸ ಜಾಗದಲ್ಲಿ ಹಾಜರಾಗಬೇಕು. ಹೊಸ ಆದೇಶ ಆಗಿದ್ದರೆ ಮನವಿ ಕೊಡಲು, ಹೇಳಿಕೊಳ್ಳಲು ಅವಕಾಶ ಆದರೂ ಸಿಗುತ್ತಿತ್ತೇನೋ. ಇದು ಹಳೆಯದೇ, ನನಗೆ ಎಂಟು ತಿಂಗಳ ಹಿಂದೆಯೇ ತಲುಪಿದ್ದು. ಹೆಂಡತಿಯ ಓದು ಅರ್ಧಕ್ಕೆ ನಿಂತಿತು. ಮುಂದೆ ಅವಳು ಮುಗಿಸಲಿಲ್ಲ. ಈಗಲೂ ಆ ಶಬ್ದ ಎಲ್ಲಾದರೂ ಕಂಡರೆ ನನಗೆ ಆ ಶನಿವಾರವೇ ನೆನಪಾಗುತ್ತದೆ.

ಹಾಗಾಗಿ ಹುಬ್ಬಳ್ಳಿ ಮಾಲೀಕರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಒಂದು ತಿಂಗಳು ಸಮಯ ಕೇಳಿ. ಕೊಡದಿದ್ದರೆ ಅಡ್ವಾನ್ಸ್ ವಾಪಸ್ ತೆಗೆದುಕೊಳ್ಳಿ, ಅಡ್ಡಿಲ್ಲ. ಆದರೆ ಕಾರವಾರದ ಮನೆಯನ್ನಂತೂ ಈಗ ಬಿಡಬೇಡಿ. ಟಿ.ಸಿ. ಅರ್ಜಿ ಹಿಂದಕ್ಕೆ ತೆಗೆದುಕೊಳ್ಳಿ. ಹೊಸ ಉದ್ದನೆಯ ಕರಾರು ಎಲ್ಲೂ ಬೇಡ. ಮತ್ತೆ ಯಾರಾದರೂ ‘ಇದು ಏಳೋದಿಲ್ಲ’ ಅಂದರೆ ಅದನ್ನು ಬರೆದು ಕೊಡಿ ಅನ್ನಿ.

ಕುಮಟಾದ ವಕೀಲ

ಬರೆದು ಕೊಡುವ ಮಾತು ಬಂತಲ್ಲ, ಅದು ಬಹಳ ಮುಖ್ಯ. ತಮ್ಮನಿಗೆ ಹೇಳಿ, ಮೇಲಧಿಕಾರಿಗೆ ಒಂದು ಪುಟದ ಮನವಿ ಕೊಡಲಿ. ಜಗಳದ ಧಾಟಿ ಬೇಡ. ಪತ್ರದಲ್ಲಿ ಶಬ್ದ ‘ಓ’ದಿಂದ ಟೈಪ್ ಆಗಿದೆ, ಅದು ಅಬೇಯನ್ಸ್ ಅಂತಲೇ ಓದಿಕೊಳ್ಳಬೇಕೇ ಅಂತ ಕೇಳಲಿ. ಅಲ್ಲಿಯ ತನಕ ಕಾರವಾರದಲ್ಲೇ ಕರ್ತವ್ಯದಲ್ಲಿ ಇದ್ದೇನೆ ಅಂತ ದಾಖಲೆ ಆಗಲಿ. ವರ್ಗಾವಣೆ ಭತ್ಯೆಯ ಮುಂಗಡ ತೆಗೆದುಕೊಂಡಿದ್ದರೆ ಅದನ್ನು ಏನು ಮಾಡಬೇಕು ಅಂತಲೂ ಕೇಳಲಿ, ಸುಮ್ನೆ ಇಟ್ಟುಕೊಂಡರೆ ಮುಂದೆ ವಸೂಲಿ ನೋಟಿಸ್ ಬರುತ್ತದೆ. ನಕಲಿನ ಮೇಲೆ ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಲಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಫೈಲಿನ ಟಿಪ್ಪಣಿ ಹಾಳೆಯ ನಕಲು ಕೇಳಬಹುದು. 30 ದಿನದಲ್ಲಿ ಕೊಡಬೇಕು. ಯಾಕೆ ತಡೆಹಿಡಿದರು ಅನ್ನುವುದು ಹೆಚ್ಚಾಗಿ ಅಲ್ಲೇ ಇರುತ್ತದೆ.

ತೋಟದಂಚು, ಶಿರಸಿ

ನಿನ್ನೆ ತಮ್ಮ ಮನವಿ ಕೊಟ್ಟ. ಸೀಲು ಹಾಕಿಸಿಕೊಂಡಿದ್ದಾನೆ. ಒಬೇಯನ್ಸ್ ಅಂತ ಟೈಪ್ ಆದದ್ದು ನೋಡಿ ಅಲ್ಲಿಯ ಅಧಿಕಾರಿಗೇ ಬೇಸರ ಆಯಿತಂತೆ, ತಿದ್ದಿದ ಪ್ರತಿ ಕಳಿಸುತ್ತೇವೆ ಅಂದರಂತೆ. ಹುಬ್ಬಳ್ಳಿಯ ಮಾಲೀಕರು ಒಂದು ತಿಂಗಳು ಕಾಯಲು ಒಪ್ಪಿದ್ದಾರೆ. ಟಿ.ಸಿ. ಅರ್ಜಿ ವಾಪಸ್ ತೆಗೆದುಕೊಂಡಾಯಿತು.

ಆಯಿಗೆ ನಾನೇ ಕೂತು ಹೇಳಿದೆ, ‘ವರ್ಗ ತಹಕೂಬ ಇಟ್ಟಿದ್ದಾರೆ’ ಅಂತ. ಆ ಶಬ್ದ ಅವಳಿಗೆ ಗೊತ್ತಿತ್ತು. ‘ಹಂಗಾರೆ ಪಾತ್ರೆ ಗಂಟು ಬಿಚ್ಚೂದು ಬ್ಯಾಡ ಹೇಳು, ದಿನಾ ಬೇಕಾದ್ದು ಮಾತ್ರ ತೆಗೀಲಿ’ ಅಂದಳು. ತಮ್ಮನಿಗೆ ಹಾಗೇ ಹೇಳಿದ್ದೇನೆ. ಕಾಳಿ ದಂಡೆಯವರೇ, ನಿಮ್ಮ ಮನೆಯವರ ಓದಿನ ವಿಷಯ ಓದಿ ತುಂಬಾ ಸಂಕಟ ಆಯಿತು. ಅವರಿಗೆ ನನ್ನ ನಮಸ್ಕಾರ ತಿಳಿಸಿ.